ಸಿನಿಮಾ ಸುದ್ದಿಯಲ್ಲಿ ಬರೆದವನೆಲ್ಲಿ?

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನನಗೊಂದು ಹಂಬಲ ಹುಟ್ಟಿಕೊಂಡಿತು. ಒಂದಾದರೂ ಒಳ್ಳೆಯ ಚಿತ್ರಕಥೆ ಬರೆಯಬೇಕು ಎಂಬುದು. ಅಂದಿನಿಂದ ಪತ್ರಿಕೆಗಳ ಶುಕ್ರವಾರದ ಸಿನಿಮಾ ಪುಟಗಳನ್ನು ಪರೀಕ್ಷೆಗೆ ಕುಳಿತ ಹುಡುಗನ ಶ್ರದ್ಧೆಯಿಂದಲೇ ಓದುತ್ತಾ ಬಂದಿದ್ದೇನೆ. ಆದ್ದರಿಂದ ಈ ಮಾತನ್ನು ಹೇಳುವ ಅಧಿಕಾರ ನನಗುಂಟೆಂದು ಭಾವಿಸುತ್ತೇನೆ: ನಮ್ಮ ಚಿತ್ರರಂಗದ ಸುದ್ದಿಯಲ್ಲಿ ಎಲ್ಲರೂ ಇದ್ದಾರೆ, ಬರೆದವನೊಬ್ಬನನ್ನು ಬಿಟ್ಟು.

ಮುಹೂರ್ತಕ್ಕೆ ಕ್ಲಾಪ್ ಮಾಡಿದವರು ಯಾರು, ನಾಯಕನ ಕೇಶವಿನ್ಯಾಸ ಹೇಗೆ ಬದಲಾಗಿದೆ, ಟೀಸರನ್ನು ಒಂದೇ ದಿನದಲ್ಲಿ ಎಷ್ಟು ಲಕ್ಷ ಮಂದಿ ನೋಡಿದರು, ಮೊದಲ ದಿನದ ಗಳಿಕೆ ಎಷ್ಟು ಕೋಟಿ - ಇವೆಲ್ಲ ಸವಿಸ್ತಾರವಾಗಿ ದೊರೆಯುತ್ತವೆ. ಕಥೆಯ ವಿಚಾರಕ್ಕೆ ಬಂದರೆ ಮಾತ್ರ ‘ವಿಭಿನ್ನ ಕಥಾಹಂದರ’ ಎಂಬ ಎರಡೇ ಪದ! ಎಲ್ಲ ಚಿತ್ರಗಳೂ ವಿಭಿನ್ನವಾದರೆ ಯಾವುದು ಯಾವುದರಿಂದ ಭಿನ್ನ ಸ್ವಾಮಿ? 2018ರ ‘ಕೆ.ಜಿ.ಎಫ್.’ ಮತ್ತು 2022ರ ‘ಕಾಂತಾರ’ ದೇಶವ್ಯಾಪಿ ಗೆದ್ದ ಮೇಲಂತೂ ಈ ಲೆಕ್ಕಾಚಾರಕ್ಕೆ ಕೊನೆಯೇ ಇಲ್ಲವಾಗಿದೆ.

ಹಿಂದೆ ಹೀಗಿರಲಿಲ್ಲ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967), ‘ಶರಪಂಜರ’ (1971) ಎಂದೊಡನೆ ತ್ರಿವೇಣಿಯವರ ಹೆಸರೂ ನಾಲಿಗೆಗೆ ಬರುತ್ತಿತ್ತು. ಆ ವೇಳೆಗೆ ಅವರು ತೀರಿಕೊಂಡು ವರ್ಷಗಳೇ ಆಗಿದ್ದವು. ಆದರೂ ಕಥೆ ಅವರದೆಂಬುದನ್ನು ಜನ ಮರೆಯಲಿಲ್ಲ. ‘ನಾಗರಹಾವು’ ನೋಡಿದವರು ತ.ರಾ.ಸು. ಅವರನ್ನು ಬಲ್ಲವರಾಗಿದ್ದರು. ‘ಸಂಸ್ಕಾರ’ಕ್ಕೆ ಅನಂತಮೂರ್ತಿಯವರ ಕಾದಂಬರಿಯಿಂದ ಚಿತ್ರಕಥೆ ರಚಿಸಿದವರು ಗಿರೀಶ ಕಾರ್ನಾಡರೆಂಬುದು ಕಾಲೇಜಿನ ಹುಡುಗರಿಗೂ ಗೊತ್ತಿತ್ತು. ಇಂದು? 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ಯನ್ನು ಮೆಚ್ಚಿದವರಲ್ಲಿ, ಅದನ್ನು ನಿರ್ದೇಶಕ ರಾಮ್ ರೆಡ್ಡಿಯವರೊಡನೆ ಬರೆದ ಈರೇಗೌಡರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಸಿನಿಮಾ ಒಂದು ಉದ್ಯಮ, ಹಣದ ಸುದ್ದಿ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ಬರಹಗಾರನ ಹಣದ ಸುದ್ದಿಯೂ ಬೇಕಲ್ಲವೇ? 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಇತರ ಬಳಕೆಗಳಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಲೇಖಕನು ನಿರ್ಮಾಪಕನಿಗೆ ಬರೆದುಕೊಡುವಂತಿಲ್ಲ. ಚಿತ್ರಕಥೆಯನ್ನು ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಲೂ ಅವಕಾಶವಿದೆ. ಇಷ್ಟು ಉಪಯುಕ್ತ ಸಂಗತಿಯನ್ನು ನಾನು ಯಾವ ಸಿನಿಮಾ ಪುಟದಲ್ಲಿಯೂ ಓದಲಿಲ್ಲ. ವಕೀಲ ಮಿತ್ರರೊಬ್ಬರಿಂದ ತಿಳಿದೆ.

ಇದರಿಂದಾಗುವ ನಷ್ಟ ಸಣ್ಣದಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಿರ್ಮಾಪಕರೊಬ್ಬರ ಮಾತು ನಂಬಿ ಎರಡು ವರ್ಷ ಬರೆದುಕೊಟ್ಟ. ಕರಾರುಪತ್ರವಿರಲಿಲ್ಲ. ಚಿತ್ರ ಬಿಡುಗಡೆಯಾದಾಗ ಅವನ ಹೆಸರು ‘ಕೃತಜ್ಞತೆಗಳು’ ಎಂಬ ಪಟ್ಟಿಯಲ್ಲಿ, ಊಟ ಒದಗಿಸಿದವರ ಕೆಳಗಿತ್ತು. ನಟರ ಸಂಭಾವನೆಯನ್ನೆಲ್ಲ ಬಾಯಿಪಾಠ ಹೇಳುತ್ತಿದ್ದ ಹುಡುಗನಿಗೆ ತನ್ನ ಹಕ್ಕಿನ ಒಂದಕ್ಷರವೂ ಗೊತ್ತಿರಲಿಲ್ಲ. ಅವನು ಓದುತ್ತಿದ್ದ ಪುಟಗಳು ಅವನಿಗೆ ಕಲಿಸಿದ್ದು ಅಷ್ಟನ್ನೇ.

ನಮ್ಮ ಸಿನಿಮಾ ಪತ್ರಕರ್ತರಲ್ಲಿ ನನ್ನ ವಿನಂತಿ ಇಷ್ಟೇ: ಪ್ರತಿ ವಿಮರ್ಶೆಯಲ್ಲೂ ಕಥೆ, ಚಿತ್ರಕಥೆ, ಸಂಭಾಷಣೆ ಯಾರದೆಂದು ಸ್ಪಷ್ಟವಾಗಿ ಮುದ್ರಿಸಿ. ಬರೆದವನನ್ನು ಕೂರಿಸಿ ನಾಲ್ಕು ಪ್ರಶ್ನೆ ಕೇಳಿ. ಓದುಗ ಮಿತ್ರರೇ, ನೀವೂ ಕೇಳಿ. ಕಳೆದ ಬಾರಿ ನೋಡಿದ ಕನ್ನಡ ಚಿತ್ರವನ್ನು ಬರೆದವರು ಯಾರು, ಹೇಳಬಲ್ಲಿರಾ?