ತ್ರುಟಿತ ಅಂಕಪಟ್ಟಿಯೂ ನಕ್ಷತ್ರವಿದ್ಯೆಯೂ

ಓಲೆಗರಿಯ ಪ್ರತಿಯೊಂದನ್ನು ಸಂಪಾದಿಸಲು ಕುಳಿತ ವಿದ್ವಾಂಸನು ನಡುವೆ ನಾಲ್ಕು ಗರಿಗಳು ಹುಳು ತಿಂದು ಹೋಗಿವೆಯೆಂಬ ಕಾರಣಕ್ಕೆ ಗ್ರಂಥವನ್ನೇ ಅಟ್ಟಕ್ಕೆ ಎಸೆಯುವುದಿಲ್ಲ. ಲೋಪವು ಹುಳುವಿನಿಂದಾದುದೋ ಲಿಪಿಕಾರನ ಅಜ್ಞಾನದಿಂದಾದುದೋ ಎಂಬುದನ್ನು ಮೊದಲು ನಿರ್ಣಯಿಸುತ್ತಾನೆ. ಉಳಿದ ಪದ್ಯಗಳ ಛಂದಸ್ಸು ಶುದ್ಧವಾಗಿದೆಯೇ ಎಂದು ನೋಡುತ್ತಾನೆ. ತ್ರುಟಿತವಾದ ಸ್ಥಳವನ್ನು ಸ್ವಕಲ್ಪನೆಯಿಂದ ತುಂಬದೆ ಚುಕ್ಕಿಗಳಿಂದ ಗುರುತಿಸಿ ಮುಂದುವರಿಯುತ್ತಾನೆ. ಹಳೆಯ ಓಲೆಗೆ ಸಲ್ಲುವ ಈ ವಿವೇಕವು ವಿದ್ಯಾರ್ಥಿಯ ಅಂಕಪಟ್ಟಿಗೆ ಮಾತ್ರ ಸಲ್ಲುತ್ತಿಲ್ಲ.

ಸುರಪುರದ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಖಗೋಳಭೌತವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂದು ಹಂಬಲಿಸಿದಳೆಂದು ಭಾವಿಸಬಹುದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ; ಅಂಕಗಳು ಉತ್ತಮ. ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ವೇಗೋತ್ಕರ್ಷವೆಂದರೇನೆಂದು ಚೆನ್ನಾಗಿ ಬಲ್ಲವಳು 'ಆಕ್ಸಲರೇಷನ್' ಎಂಬ ಶಬ್ದದ ಮುಂದೆ ಮೂಕಳಾಗುತ್ತಾಳೆ. ಪಿ.ಯು.ಸಿ. ಅಂಕ ಕುಸಿಯುತ್ತದೆ, ಬಿ.ಎಸ್ಸಿ.ಯ ಮೊದಲ ವರ್ಷ ಹೇಗೋ ಉತ್ತೀರ್ಣಳಾಗುತ್ತಾಳೆ. ಭಾಷೆ ಕೈವಶವಾದ ಮೇಲೆ ಯಂತ್ರಶಾಸ್ತ್ರ, ವಿದ್ಯುತ್ಕಾಂತತ್ವ, ಕ್ವಾಂಟಂ ಶಾಸ್ತ್ರಗಳಲ್ಲಿ ಪ್ರಥಮ ದರ್ಜೆ. ಎಲ್ಲವನ್ನೂ ಕೂಡಿ ಭಾಗಿಸಿದಾಗ ದೊರೆಯುವ ಸರಾಸರಿಯು ಈ ಕಥೆಯನ್ನು ನುಂಗಿಹಾಕುತ್ತದೆ. ೨೦೨೪ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆಯು ರಾಜ್ಯದಲ್ಲಿಯೇ ಕೊನೆಯದಾಗಿತ್ತು. ಅಂಥ ನೆಲದಿಂದ ಏಳುವ ಮಕ್ಕಳ ಅಂಕಪಟ್ಟಿ ಸಮತಲವಾಗಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ನಕ್ಷತ್ರಗಳಿಗೂ ಈ ಸೀಮೆಗೂ ಏನು ಸಂಬಂಧವೆಂದು ಕೇಳುವವರು ಶಹಾಪುರದ ಬಳಿಯ ವಿಭೂತಿಹಳ್ಳಿಗೆ ಒಮ್ಮೆ ಹೋಗಿಬರಬೇಕು. ಬೃಹತ್‌ಶಿಲಾಯುಗದ ಜನರು ಅಲ್ಲಿ ಸಾಲುಸಾಲಾಗಿ ಇರಿಸಿದ ಬಂಡೆಗಳು ಸೂರ್ಯನ ಉದಯಾಸ್ತದ ದಿಕ್ಕುಗಳಿಗೆ ಹೊಂದುತ್ತವೆಯೇ ಎಂದು ಈಚಿನ ವಿದ್ವಾಂಸರು ಪರಿಶೀಲಿಸಿದ್ದಾರೆ. ಆ ಬಂಡೆಗಳನ್ನು ೧೯ನೆಯ ಶತಮಾನದಲ್ಲಿಯೇ ವರ್ಣಿಸಿದವನು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಅವನು ಹದಿಹರೆಯದಲ್ಲಿಯೇ ವ್ಯಾಪಾರಿಯ ಗುಮಾಸ್ತಿಕೆಗೆಂದು ಮುಂಬಯಿಗೆ ಬಂದವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ!

ಇನ್ನು ಪ್ರವೇಶದ ಕ್ರಮ. ಪ್ರಕಟಣೆಯಲ್ಲಿ ವಿಧಿಸಿದ ಕನಿಷ್ಠ ಅಂಕಕ್ಕಿಂತ ಕೆಳಗಿದ್ದರೆ ಅರ್ಜಿಯೇ ಸಲ್ಲದು; ಇದನ್ನು ಮುಚ್ಚಿಟ್ಟು ವಿದ್ಯಾರ್ಥಿಗೆ ಆಸೆ ಹುಟ್ಟಿಸುವುದು ದ್ರೋಹ. ಆ ಗೆರೆಯನ್ನು ದಾಟಿದವರಿಗೆ ಮಾತ್ರ ಬಾಗಿಲು ಹಲವರು ತಿಳಿದಿರುವುದಕ್ಕಿಂತ ಅಗಲವಾಗಿಯೇ ಇದೆ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ, ರಾಮನ್ ಸಂಶೋಧನ ಸಂಸ್ಥೆ ಮೊದಲಾದವು ಪ್ರತಿವರ್ಷ ನಡೆಯುವ 'ಜೆಸ್ಟ್' ಎಂಬ ಪರೀಕ್ಷೆಯ ಫಲಿತಾಂಶವನ್ನು ಮನ್ನಿಸಿ ಸಂದರ್ಶನಕ್ಕೆ ಕರೆಯುತ್ತವೆ. ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೮೨ರಲ್ಲಿ ಆರಂಭವಾದ ಜಂಟಿ ಖಗೋಳವಿಜ್ಞಾನ ಕಾರ್ಯಕ್ರಮವೂ ಇದೆ. ಸಂದರ್ಶನದಲ್ಲಿ ಕುಳಿತವರು ಮೂಲ ಭೌತವಿಜ್ಞಾನವನ್ನು ಕಪ್ಪುಹಲಗೆಯ ಮುಂದೆ ನಿಲ್ಲಿಸಿ ಕೇಳುತ್ತಾರೆ. ಅಲ್ಲಿ ಐದು ವರ್ಷಗಳ ಹಿಂದಿನ ಅಂಕ ಉತ್ತರ ಹೇಳದು, ಅಭ್ಯರ್ಥಿಯೇ ಹೇಳಬೇಕು. ಅಮೆರಿಕದ ವಿಶ್ವವಿದ್ಯಾನಿಲಯಗಳು ಅಭ್ಯರ್ಥಿಯ ಆಶಯಪತ್ರವನ್ನೂ ಗುರುಗಳ ಶಿಫಾರಸು ಪತ್ರಗಳನ್ನೂ ಅಂಕಪಟ್ಟಿಯ ಜೊತೆಗಿಟ್ಟು ಓದುತ್ತವೆ.

ಆಶಯಪತ್ರದಲ್ಲಿ ಸಂಪಾದಕನ ಧರ್ಮವನ್ನೇ ಪಾಲಿಸುವುದು ಲೇಸು. ಕುಸಿದ ವರ್ಷವನ್ನು ಮರೆಮಾಚಬಾರದು, ಅದಕ್ಕಾಗಿ ಗೋಳಾಡಲೂಬಾರದು. ಮಾಧ್ಯಮ ಬದಲಾಯಿತು, ಈ ವರ್ಷದಿಂದ ಅಂಕ ಏರಿತು ಎಂದು ಎರಡು ವಾಕ್ಯಗಳಲ್ಲಿ ಹೇಳಿ, ಉಳಿದ ಪುಟವನ್ನು ಕೈಗೊಂಡ ಯೋಜನೆಗೂ ಓದಿದ ವಿಷಯಕ್ಕೂ ಮೀಸಲಿಡಬೇಕು. ಆದರೆ ಗಣಿತದಲ್ಲಿಯೂ ಮೂಲ ಭೌತವಿಜ್ಞಾನದಲ್ಲಿಯೂ ಕೊನೆಯವರೆಗೆ ಅಂಕ ಏರದಿದ್ದರೆ ಅದು ಹುಳು ತಿಂದ ಗರಿಯಲ್ಲ, ಲಿಪಿಕಾರನ ದೋಷ. ಅದಕ್ಕೆ ಮದ್ದು ಮತ್ತೆ ಓದುವುದೇ ಹೊರತು ಪತ್ರದ ಚಮತ್ಕಾರವಲ್ಲ.

ಇಂಥ ಪ್ರಸಂಗದಲ್ಲಿ ರಾಧಾಗೋವಿಂದ ಚಂದ್ರರ ಹೆಸರನ್ನು ಎತ್ತುವುದುಂಟು. ಬಂಗಾಳದ ಜೆಸ್ಸೋರಿನವರಾದ ಅವರು ಪ್ರವೇಶ ಪರೀಕ್ಷೆಯಲ್ಲಿ ಮೂರು ಬಾರಿ ಅನುತ್ತೀರ್ಣರಾಗಿ, ಸರ್ಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸ ಮಾಡಿಕೊಂಡಿದ್ದರು. ರಾತ್ರಿಯಾದರೆ ಚರಕಾಂತಿಯ ನಕ್ಷತ್ರಗಳ ವೀಕ್ಷಣೆ. ಹೀಗೆ ೩೭,೦೦೦ಕ್ಕೂ ಮಿಕ್ಕ ವೀಕ್ಷಣೆಗಳನ್ನು ಅಮೆರಿಕದ ವೀಕ್ಷಕರ ಸಂಘಕ್ಕೆ ಕಳುಹಿಸಿದರು. ಆ ಸಂಘ ೧೯೨೬ರಲ್ಲಿ ಅವರಿಗೆ ಆರು ಅಂಗುಲದ ದೂರದರ್ಶಕವನ್ನು ಕಳುಹಿಸಿತು. ಅದು ಮುಂದೆ ವೇಣು ಬಾಪು ಅವರ ಕೈಸೇರಿತು. ಪುಣ್ಯಚರಿತೆಯೇ ಸರಿ. ಆದರೂ ಇದನ್ನು ವಿದ್ಯಾರ್ಥಿಗೆ ಸಮಾಧಾನವಾಗಿ ಹೇಳುವುದರಲ್ಲಿ ಒಂದು ಅಪಾಯವಿದೆ: ಚಂದ್ರರು ಕಡೆಯವರೆಗೂ ಹವ್ಯಾಸಿಯಾಗಿಯೇ ಉಳಿದರು, ಸಂಶೋಧನಾಲಯದ ಬಾಗಿಲು ಅವರಿಗೆ ತೆರೆಯಲಿಲ್ಲ. ಇಂದಿನ ಹುಡುಗಿಗೆ ಬೇಕಾದುದು ಆ ಬಾಗಿಲು.

ಅದನ್ನು ತೆರೆಸುವ ಭಾರದಲ್ಲಿ ಶಾಲೆಗೂ ಪಾಲಿದೆ. ಸ್ಮರಣ ಸಂಚಿಕೆಗಳಲ್ಲಿ ಅತ್ಯಧಿಕ ಅಂಕ ಗಳಿಸಿದವರ ಭಾವಚಿತ್ರಗಳಷ್ಟೇ ಅಚ್ಚಾಗುತ್ತವೆ. ದಾನಿಗಳ ಪದಕಗಳೂ ಒಟ್ಟು ಶೇಕಡಾವಾರಿನ ಬೆನ್ನುಹತ್ತಿಯೇ ಹೋಗುತ್ತವೆ. ಒಂದು ಬಹುಮಾನವನ್ನಾದರೂ ಮೊದಲ ಪರೀಕ್ಷೆಯಿಂದ ಕೊನೆಯ ಪರೀಕ್ಷೆಗೆ ವಿಜ್ಞಾನದಲ್ಲಿ ಅತಿ ಹೆಚ್ಚು ಏರಿದವರಿಗೆ ಇಡಬಾರದೇಕೆ? ಕಾಲೇಜುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಶಿಫಾರಸು ಪತ್ರ ಬರೆಯುವಾಗ "ಸದ್ಗುಣಿ, ವಿಧೇಯ, ಶ್ರಮಶೀಲೆ" ಎಂದು ಮೂರು ವಿಶೇಷಣಗಳಲ್ಲಿ ಮುಗಿಸದೆ, ಯಾವ ಲೆಕ್ಕವನ್ನು ಹೇಗೆ ಬಿಡಿಸಿದಳು, ಯಾವ ಪ್ರಶ್ನೆ ಕೇಳಿ ಅಧ್ಯಾಪಕರನ್ನೇ ತಡವರಿಸುವಂತೆ ಮಾಡಿದಳು ಎಂಬುದನ್ನು ಬರೆದರೆ ಆಯ್ಕೆಯವರಿಗೆ ಹಿಡಿಯಲು ಏನಾದರೂ ಸಿಕ್ಕೀತು. ದಾನಿಗಳಿಗೆ ಇನ್ನೊಂದು ಬಿನ್ನಹ. ಯಾದಗಿರಿಯಿಂದ ಬೆಂಗಳೂರಿಗೆ ರೈಲಿದೆ. ಸುರಪುರಕ್ಕೂ ಶಹಾಪುರಕ್ಕೂ ಅದೂ ಇಲ್ಲ. ಸಂದರ್ಶನಕ್ಕೆ ಹೊರಟ ಹುಡುಗಿಗೆ ಬಸ್ಸು, ರೈಲು, ಎರಡು ದಿನದ ವಸತಿ, ಜೊತೆಗೆ ಬರುವ ತಂದೆಯ ಖರ್ಚು — ಎಲ್ಲ ಕೂಡಿದರೂ ಒಂದು ಚಿನ್ನದ ಪದಕದ ಬೆಲೆಯಾಗದು.