ಕೋಡಿಯಲ್ಲಿ ಪಾದ ಮುಳುಗುವಷ್ಟೇ ನೀರಿದ್ದರೆ ಇಳಿಯಬಹುದೇ? ಉತ್ತರ ನಿಮ್ಮ ಮನೆಯ ಸಿಂಕಿನಲ್ಲಿದೆ

ಮಳೆ ಜೋರಾದ ವರ್ಷ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ದೊಡ್ಡಕೆರೆ, ತುಮಕೂರಿನ ಅಮಾನಿಕೆರೆ ಕೋಡಿ ಬಿದ್ದರೆ ಸಾಕು, ವಾಟ್ಸ್‌ಆ್ಯಪ್ ತುಂಬ ಅದರದ್ದೇ ವಿಡಿಯೊ. ಜೊತೆಗೆ "ನೀರು ಪಾದದಷ್ಟೇ ಇದೆ, ಏನೂ ಆಗಲ್ಲ" ಎಂಬ ಮಾತು. ನೀರು ತೆಳುವಾಗಿದ್ದರೆ ಅಪಾಯವಿಲ್ಲ ಎಂಬುದು ತಪ್ಪು ತಿಳಿವಳಿಕೆ. ಯಾಕೆಂದು ನೋಡೋಣ.

ಸಿಂಕಿನ ಉಂಗುರ

ನಲ್ಲಿಯನ್ನು ಸಣ್ಣಗೆ ಬಿಡಿ. ನೀರು ಬಿದ್ದ ಜಾಗದ ಸುತ್ತ ನಯವಾದ ತೆಳು ಪದರ ಹರಡಿ, ಸ್ವಲ್ಪ ದೂರದಲ್ಲಿ ತಟ್ಟನೆ ಮೇಲೆದ್ದು ಉಂಗುರವಾಗುತ್ತದೆ. ಇದೇ ಹೈಡ್ರಾಲಿಕ್ ಜಂಪ್, ಅಂದರೆ ನೀರಿನ ನೆಗೆತ. ಉಂಗುರದ ಒಳಗೆ ನೀರು ತೆಳು, ವೇಗ ಜಾಸ್ತಿ. ಹೊರಗೆ ದಪ್ಪ, ವೇಗ ಕಡಿಮೆ.

1914ರಲ್ಲಿ ಲಾರ್ಡ್ ರೇಲಿ ಇದನ್ನು ಗುರುತ್ವದ ಲೆಕ್ಕದಲ್ಲಿ ವಿವರಿಸಿದರು. ಸಿಂಕಿನ ತೆಳು ಪದರದಲ್ಲಿ ಮೇಲ್ಮೈ ಸೆಳೆತವೇ ಮುಖ್ಯ ಎಂದು 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ರಾಜೇಶ್ ಭಗತ್ ಮತ್ತು ಸಂಗಡಿಗರು ವಾದಿಸಿದರು. ಕೋಡಿಯಂಥ ದೊಡ್ಡ ಹರಿವಿನಲ್ಲಿ ಮಾತ್ರ ಗುರುತ್ವದ್ದೇ ಕಾರುಬಾರು.

ಅಡ್ಡಿ ಇಟ್ಟರೆ?

ಉಂಗುರದ ಒಳಗೆ ಬೆರಳಿಡಿ. ಬೆರಳಿನ ಮುಂದೆ ನೀರು ಬಿಲ್ಲಿನಂತೆ ಬಾಗಿ ಮೇಲೇರುತ್ತದೆ. ಬದಲಿಗೆ ಉಂಗುರದ ಹೊರಗಿನ ನೀರಿಗೆ ಅಡ್ಡ ಕಟ್ಟಿ. ಅಲ್ಲಿ ನೀರು ಇನ್ನಷ್ಟು ದಪ್ಪವಾಗಿ ಉಂಗುರ ಒಳಕ್ಕೆ ಸರಿದು ಚಿಕ್ಕದಾಗುತ್ತದೆ.

ಕಾರಣ ಸರಳ. 1 ಸೆಂ.ಮೀ. ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 30 ಸೆಂ.ಮೀ. ಸಾಗುತ್ತದೆ. ನೀರಿನ ವೇಗ ಅದಕ್ಕಿಂತ ಹೆಚ್ಚಿದ್ದರೆ, ಮುಂದೆ ಅಡ್ಡಿ ಇದೆ ಎಂಬ 'ಸುದ್ದಿ' ಹಿಂದಿನ ನೀರಿಗೆ ಮೊದಲೇ ಮುಟ್ಟುವುದಿಲ್ಲ. ನೀರು ನೇರ ಬಂದು ಅಪ್ಪಳಿಸುತ್ತದೆ.

ಅಣೆಕಟ್ಟೆಗಳ ಕೆಳಗೆ ಎಂಜಿನಿಯರ್‌ಗಳು ಕಾಂಕ್ರೀಟ್ ದಿಂಡುಗಳನ್ನು ಇಡುವುದು ಇದೇ ತತ್ವದ ಮೇಲೆ. ನೆಗೆತ ಅಲ್ಲೇ ಆಗಿ, ನೀರಿನ ರಭಸ ನೊರೆಯಲ್ಲೇ ಕರಗಿ, ಮುಂದಿನ ನೆಲ ಕೊರೆಯುವುದು ತಪ್ಪುತ್ತದೆ.

ಕಾಲೇ ಅಡ್ಡಿಯಾದಾಗ

ಸುಮಾರು 1.25 ಮೀಟರ್ ಎತ್ತರದಿಂದ ಇಳಿದ ನೀರಿನ ವೇಗ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ 5 ಮೀಟರ್. ಆಳ ಬರೀ 10 ಸೆಂ.ಮೀ. ಇದ್ದರೂ ಅದು ಒಂದೊಂದು ಕಾಲನ್ನು ಸುಮಾರು 12 ಕೆ.ಜಿ. ಭಾರದಷ್ಟು ಬಲದಿಂದ ತಳ್ಳುತ್ತದೆ. ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು. ಕಾಲಡಿ ಪಾಚಿ ಬೇರೆ. ಜಾರಿದರೆ ಕೆಳಗಿರುವುದು ನೆಗೆತದ ಸುಳಿ. ಅಲ್ಲಿ ಮೇಲಿನ ನೀರು ಹಿಂದಕ್ಕೆ ಸುತ್ತಿ, ಬಿದ್ದವರನ್ನು ಕೋಡಿಯ ಬುಡಕ್ಕೇ ಮತ್ತೆ ಎಳೆಯುತ್ತದೆ. ಈಜು ಬಂದರೂ ಹೊರಬರುವುದು ಕಷ್ಟ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಇನ್ನೊಂದು ಅಪಾಯವಿದೆ. ಶಿಂಷಾ ನದಿಗೆ ಕಟ್ಟಿದ ಈ ಅಣೆಕಟ್ಟೆಯಲ್ಲಿ ಸ್ವಯಂಚಾಲಿತ ಸೈಫನ್‌ಗಳಿವೆ. ನೀರಿನ ಮಟ್ಟ ಏರಿದಾಗ ಯಾರೂ ಗೇಟ್ ಎತ್ತದೆಯೇ ನೀರು ನುಗ್ಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಇಲ್ಲಿ ನೀರಿಗಿಳಿದಿದ್ದ ಪ್ರವಾಸಿಗರು ಹೀಗೆ ಹಠಾತ್ತನೆ ಬಂದ ನೀರಿನಲ್ಲಿ ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು.

ಹಾಗಾಗಿ ಕೋಡಿಯನ್ನು ದಡದಿಂದಲೇ ನೋಡಿ. ನೀರಿನ ಆಳವನ್ನಷ್ಟೇ ನೋಡಿ ಧೈರ್ಯ ಮಾಡಬೇಡಿ, ವೇಗವನ್ನೂ ನೋಡಿ. "ಏನೂ ಆಗಲ್ಲ" ಎಂಬ ವಿಡಿಯೊ ಬಂದರೆ ಅದನ್ನು ಮುಂದೆ ಕಳಿಸುವ ಬದಲು ಈ ವಿಷಯ ತಿಳಿಸಿ.