ಬರ್ಲಿನ್ನಿನ ಬಾಡಿಗೆಯೂ ನಮ್ಮ ಸಹಿಯೂ

ಬರ್ಲಿನ್ನಿನಲ್ಲಿ ಕೆಲಸ ಸಿಕ್ಕರೂ ಮನೆ ಸಿಗುವುದಿಲ್ಲ ಎಂಬ ಮಾತನ್ನು ಇಲ್ಲಿಗೆ ಬರಲಿರುವವರೂ ಅವರ ಮನೆಯವರೂ ಕೇಳಿರುತ್ತಾರೆ. ಈ ಕೊರತೆಯಲ್ಲಿ ಹೊಸಬರ ಪಾತ್ರವೇನು ಎಂಬುದು ಚರ್ಚೆಯಾಗುವುದು ಕಡಿಮೆ.

ಕ್ರಾಯ್ಟ್ಸ್‌ಬರ್ಗ್ ಬಡಾವಣೆಯನ್ನೇ ನೋಡಿ. ಒಂದು ಕಾಲಕ್ಕೆ ಅದು ಗೋಡೆಗೆ ಒತ್ತಿಕೊಂಡಿದ್ದ ಪಶ್ಚಿಮ ಬರ್ಲಿನ್ನಿನ ಅಂಚು. 1961ರ ಒಪ್ಪಂದದ ನಂತರ ದುಡಿಯಲು ಬಂದ ತುರ್ಕಿಯ ಕಾರ್ಮಿಕರು, ವಿದ್ಯಾರ್ಥಿಗಳು, ಕಲಾವಿದರು ಅಲ್ಲಿನ ಅಗ್ಗದ ಹಳೆಯ ಮನೆಗಳಲ್ಲಿ ನೆಲೆಸಿದರು. 1989ರಲ್ಲಿ ಗೋಡೆ ಉರುಳಿತು. ಅಂಚು ನಗರದ ನಡುವಾಯಿತು. ಮೊದಲು ಬಂಡವಾಳ ಬಂತು, ಅನಂತರ ತಂತ್ರಜ್ಞಾನ ಉದ್ಯಮದ ಸಂಬಳ.

ಹನ್ನೊಂದು ತಿಂಗಳ ಕರಾರಿಗೆ ಒಗ್ಗಿಹೋದ ಬೆಂಗಳೂರಿಗರಿಗೆ ಅಚ್ಚರಿಯೆನಿಸಬಹುದು: ಜರ್ಮನಿಯ ಕರಾರಿಗೆ ಸಾಮಾನ್ಯವಾಗಿ ಅವಧಿಯ ಮಿತಿಯಿಲ್ಲ. ಬರ್ಲಿನ್ನಿನಲ್ಲಿ ಹಳೆಯ ಬಾಡಿಗೆಯನ್ನು 3 ವರ್ಷಗಳಲ್ಲಿ ಶೇ 15ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಅದೂ ಸ್ಥಳೀಯ ಸರಾಸರಿಯ ಮಿತಿಯೊಳಗೇ. ಹಾಗಾಗಿ ಹಳಬರು ಮನೆ ಬಿಡುವುದಿಲ್ಲ. ಬಿಟ್ಟರೆ ಅದೇ ಬೀದಿಯಲ್ಲಿ ಮತ್ತೊಂದು ಮನೆ ಹಿಡಿಯುವ ಶಕ್ತಿ ಅವರಿಗಿರುವುದಿಲ್ಲ. ಮಗು ಹುಟ್ಟಿದರೂ ಎರಡೇ ಕೋಣೆ. ಒಂಟಿಯಾಗಿ ಉಳಿದ ವೃದ್ಧೆಗೆ ನಾಲ್ಕು ಕೋಣೆ. ರಕ್ಷಣೆಯೇ ಅವರನ್ನು ಇದ್ದಲ್ಲೇ ಕಟ್ಟಿಹಾಕಿದೆ. ಬೀದಿಯ ಅಂಗಡಿಗಳಿಗಂತೂ ಈ ರಕ್ಷಣೆಯೂ ಇಲ್ಲ.

ಹೊಸ ಕರಾರುಗಳಿಗೂ 2015ರಿಂದ ಲಗಾಮಿದೆ: ಬಾಡಿಗೆ ಸ್ಥಳೀಯ ಸರಾಸರಿಗಿಂತ ಶೇ 10ಕ್ಕಿಂತ ಹೆಚ್ಚಿರಬಾರದು. ಆದರೆ 2014ರ ಅಕ್ಟೋಬರ್ ನಂತರ ಮೊದಲು ಬಳಕೆಗೆ ಬಂದ ಮನೆಗಳಿಗೆ ಅದು ಅನ್ವಯಿಸದು. ಪೀಠೋಪಕರಣಸಹಿತ ಮನೆಗಳಲ್ಲಿ ಲೆಕ್ಕ ಪರೀಕ್ಷಿಸುವುದು ಕಷ್ಟ. ಅವಸರದಲ್ಲಿ ಬಂದಿಳಿಯುವ ನಮ್ಮವರು ಬಹಳ ಸಲ ಸೇರುವುದು ಇಂಥ ಮನೆಗಳನ್ನೇ.

ಬರ್ಲಿನ್ ಸರ್ಕಾರ 2020ರಲ್ಲಿ ಬಾಡಿಗೆಗೆ ಕಟ್ಟುನಿಟ್ಟಿನ ಮಿತಿ ಹೇರಿತ್ತು. ಅಂಥ ಶಾಸನದ ಅಧಿಕಾರ ರಾಜ್ಯಕ್ಕಿಲ್ಲವೆಂದು ಸಾಂವಿಧಾನಿಕ ನ್ಯಾಯಾಲಯ 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದುಗೊಳಿಸಿತು. ಆದ್ದರಿಂದ ಉಳಿದಿರುವ ಅಳತೆಗೋಲು ಆ ಸ್ಥಳೀಯ ಸರಾಸರಿಯೇ.

ಅದನ್ನು ಲೆಕ್ಕ ಹಾಕುವ ಬಗೆಯಲ್ಲೇ ನನ್ನ ಮಾತಿನ ತಿರುಳಿದೆ. ಕಳೆದ 6 ವರ್ಷಗಳಲ್ಲಿ ಹೊಸದಾಗಿ ನಿಗದಿಯಾದ ಅಥವಾ ಬದಲಾದ ಬಾಡಿಗೆಗಳೇ ಅದರ ಆಧಾರ. ಇಂದು ಪ್ರಶ್ನಿಸದೆ ಒಪ್ಪಿದ ಹೊಸ ಬಾಡಿಗೆಗಳೆಲ್ಲ ಸೇರಿ ನಾಳಿನ ಸರಾಸರಿಯನ್ನು ಮೇಲೆತ್ತುತ್ತವೆ. ಆಗ ಪಕ್ಕದ ಮನೆಯ ಹಳಬರ ಬಾಡಿಗೆಯೂ ಏರಬಹುದು.

ಹೊಸಬರು ಅಪರಾಧಿಗಳೆಂದು ನಾನು ಹೇಳಲಾರೆ. ವಲಸೆ ಬಂದವರೇ ಕಟ್ಟಿದ ಬಡಾವಣೆಯದು. ಆದರೆ ಸಂಬಳ ಹೆಚ್ಚಿದೆಯೆಂದು ಕೇಳಿದಷ್ಟು ಕೊಟ್ಟುಬಿಡುವುದು ಕೇವಲ ನಮ್ಮ ಸ್ವಂತ ವಿಷಯವಲ್ಲ. ಬಾಡಿಗೆದಾರರ ಸಂಘವನ್ನು ಸೇರಿ, ಬಾಡಿಗೆಯನ್ನು ಸರಾಸರಿಯೊಡನೆ ತಾಳೆ ನೋಡಿ, ಹೆಚ್ಚಿದ್ದರೆ ಲಿಖಿತವಾಗಿ ಆಕ್ಷೇಪಿಸಿ. ಅದರಿಂದ ನಿಮ್ಮ ಹಣವಷ್ಟೇ ಅಲ್ಲ, ನೆರೆಯವರ ಮನೆಯೂ ಉಳಿಯಬಹುದು.